ದೂರದ ಕವಲುಗಳಿಗೆ ವರ್ಷಕ್ಕೊಂದು ಪತ್ರ



ಡಿಸೆಂಬರ್ ಬಂತೆಂದರೆ ಕರಾವಳಿಯ ನಮ್ಮ ಮನೆಗಳಲ್ಲಿ ಕುಸ್ವಾರದ ಲೆಕ್ಕ, ಘಟ್ಟದ ಮೇಲಿನ ಮನೆಗಳಲ್ಲಿ ಕೇಕು ಕಜ್ಜಾಯಗಳ ಲೆಕ್ಕ ಆರಂಭವಾಗುತ್ತದೆ. ಯಾರ ಮನೆಗೆ ಎಷ್ಟು ತಟ್ಟೆ ಹೋಗಬೇಕು, ಮುಂಬಯಿಗೆ ಹೊರಟವರ ಕೈಯಲ್ಲಿ ಎಷ್ಟು ಡಬ್ಬಿ ಕಳುಹಿಸಬಹುದು ಎಂದು ತಾಯಂದಿರು ಬೆರಳು ಮಡಚಿ ಎಣಿಸುತ್ತಾರೆ. ಈ ಎಣಿಕೆಯ ಜೊತೆಗೆ ಇನ್ನೊಂದು ಕೆಲಸವನ್ನು ಕೈಗೆತ್ತಿಕೊಳ್ಳಿರೆಂದು ಈ ವಾರ ನಿಮ್ಮನ್ನು ಕೇಳಿಕೊಳ್ಳುವುದಿದೆ. ಅದು ದೊಡ್ಡ ಕೆಲಸವೇನಲ್ಲ. ನಿಮ್ಮ ಮನೆತನದ ಎಲ್ಲ ಕವಲುಗಳ ಒಂದು ವರ್ಷದ ಸುದ್ದಿಯನ್ನು ಒಂದೆಡೆ ಸೇರಿಸಿ, ಒಂದೇ ಪತ್ರವಾಗಿ ಬರೆದು, ಎಲ್ಲರಿಗೂ ಕಳುಹಿಸುವುದು.

ಈ ಕಾಲದಲ್ಲಿ ಇದೆಂಥ ಮಾತು ಎಂದು ನೀವು ಕೇಳಬಹುದು. ತಂತಿ ಕಚೇರಿ 2013ರ ಜುಲೈಯಲ್ಲಿಯೇ ಮುಚ್ಚಿಹೋಯಿತು; ದುಬೈಯಲ್ಲಿ ಮಗು ಹುಟ್ಟಿದರೆ ಹತ್ತು ನಿಮಿಷದಲ್ಲಿ ಅದರ ಚಿತ್ರ ಅಜ್ಜಿಯ ಮೊಬೈಲಿಗೆ ಬರುತ್ತದೆ. ನಿಜ. ಆದರೆ ನಿಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪನ್ನು ಒಮ್ಮೆ ಹಿಂದಕ್ಕೆ ಸರಿಸಿ ನೋಡಿ. ಹುಟ್ಟುಹಬ್ಬದ ಕೇಕು, ಹೊಸ ಕಾರು, ಪ್ರವಾಸದ ಚಿತ್ರಗಳು, ಎಲ್ಲಿಂದಲೋ ಬಂದ ಸುಭಾಷಿತ. ನಲವತ್ತು ಜನರ ಆ ಗುಂಪಿನಲ್ಲಿ ಎಂಟು ತಿಂಗಳಿಂದ ಒಂದೂ ಮಾತನಾಡದವರು ಯಾರು? ಮಾತನಾಡಿದವರೇ ಕಣ್ಣಿಗೆ ಬೀಳುವ ಜಾಗವದು. ಸುಮ್ಮನಿದ್ದವರು ಕಾಣುವುದೇ ಇಲ್ಲ. ಎಲ್ಲರ ಹೆಸರನ್ನೂ ಸಾಲಾಗಿ ಬರೆದುಕೊಂಡು ಕುಳಿತವರಿಗೆ ಮಾತ್ರ ಯಾರ ಮುಂದೆ ಏನೂ ಬರೆಯಲಾಗಲಿಲ್ಲ ಎಂಬುದು ತಿಳಿಯುತ್ತದೆ. ವರ್ಷದ ಪತ್ರದ ಮೊದಲ ಪ್ರಯೋಜನ ಇದು.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ನೆನಪಿಸಿಕೊಳ್ಳಿ. ಮಾತೆ ಮರಿಯಮ್ಮನವರ ಜನನದ ಆ ದಿನ ದೇವಾಲಯದಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಕರಾವಳಿಯ ಕಥೋಲಿಕರು ಮನೆಗೆ ತರುತ್ತಾರೆ. ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಊರಲ್ಲಿಲ್ಲದ ಮಕ್ಕಳಿಗೆ ಒಂದೆರಡು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಆ ಕಾಳು ಕಳುಹಿಸುವಾಗ, ಈ ವರ್ಷ ನೀನೇನು ಸಾಧಿಸಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯವನೆಂಬುದೊಂದೇ ಸಾಕಾಗಿತ್ತು. ವರ್ಷದ ಪತ್ರದಲ್ಲಿ ಒಬ್ಬೊಬ್ಬರಿಗೆ ಸಿಗಬೇಕಾದ ಸಾಲು ಆ ಕಾಳಿನಂತೆಯೇ.

ದೂರದಲ್ಲಿ ಚದುರಿಹೋದ ಕುಟುಂಬ ಪತ್ರದಿಂದ ಒಂದಾಗಿ ಉಳಿಯುವುದು ಹೇಗೆಂಬುದನ್ನು ಕಲಿಯಬೇಕಾದರೆ ಸಂತ ಫ್ರಾನ್ಸಿಸ್ ಝೇವಿಯರರನ್ನೂ ಅವರ ಸಂಗಡಿಗರನ್ನೂ ನೋಡಬೇಕು. ಅವರ ಹಬ್ಬ ಡಿಸೆಂಬರ್ 3ರಂದು, ಪತ್ರ ಆರಂಭಿಸಲು ತಕ್ಕ ದಿನ. ಝೇವಿಯರರು 1541ರ ಏಪ್ರಿಲ್ 7ರಂದು ಲಿಸ್ಬನ್ ಬಿಟ್ಟು 1542ರ ಮೇ 6ರಂದು ಗೋವೆ ತಲುಪಿದರು. ಹಿಂದೆ ಬಿಟ್ಟುಬಂದ ಸಂಗಡಿಗರ ಮುಖವನ್ನು ಅವರು ಮತ್ತೆ ಕಾಣಲಿಲ್ಲ. ಹಡಗುಗಳು ಮಾನ್ಸೂನ್ ಗಾಳಿಯನ್ನು ನಂಬಿ ವರ್ಷಕ್ಕೊಮ್ಮೆ ಬಂದುಹೋಗುತ್ತಿದ್ದ ಕಾಲವದು. ಬರೆದ ಕಾಗದಕ್ಕೆ ಉತ್ತರ ಬರಬೇಕಾದರೆ ಒಂದೂವರೆ ವರ್ಷವೋ ಎರಡು ವರ್ಷವೋ ಕಾಯಬೇಕಿತ್ತು. ಬಂದ ಪತ್ರಗಳಿಂದ ಸಂಗಡಿಗರ ಸಹಿಗಳನ್ನು ಕತ್ತರಿಸಿ ತಮ್ಮ ಮೈಮೇಲೆಯೇ ಧರಿಸಿಕೊಂಡಿರುವುದಾಗಿ 1546ರಲ್ಲಿ ಅಂಬೋನ್ ದ್ವೀಪದಿಂದ ಅವರೇ ಬರೆದಿದ್ದಾರೆ. ಸುದ್ದಿ ಹಳೆಯದಾಗಿರಬಹುದು, ಹೆಸರು ಹಳತಾಗುವುದಿಲ್ಲವಷ್ಟೆ.

ಸುದ್ದಿ ಎಷ್ಟು ತಡವಾಗುತ್ತಿತ್ತೆಂಬುದಕ್ಕೆ ಇನ್ನೊಂದು ಮಾತು. ಯುರೋಪಿಗೆ ಮರಳಿ ಬನ್ನಿರೆಂದು ಸಂತ ಇಗ್ನಾಸಿಯವರು 1553ರ ಜೂನ್ 28ರಂದು ರೋಮಿನಿಂದ ಝೇವಿಯರರಿಗೆ ಪತ್ರ ಬರೆದರು. ಝೇವಿಯರರು 1552ರ ಡಿಸೆಂಬರ್ 3ರಂದೇ ಚೀನದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡಿದ್ದರು. ತೀರಿಹೋದ ಗೆಳೆಯನಿಗೆ, ಅದು ತಿಳಿಯದೆ, ಬರೆದ ಕಾಗದ!

ಇಗ್ನಾಸಿಯವರು ಪತ್ರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. 1542ರ ಡಿಸೆಂಬರಿನಲ್ಲಿ ಸಂತ ಪೀಟರ್ ಫೇಬರರಿಗೆ ಬರೆಯುತ್ತ, ಅವರು ಒಂದು ಕ್ರಮವನ್ನೇ ಹೇಳಿಕೊಟ್ಟರು. ಯಾರಿಗೆ ಬೇಕಾದರೂ ತೋರಿಸಬಹುದಾದ ಸುದ್ದಿ ಮುಖ್ಯ ಪತ್ರದಲ್ಲಿರಬೇಕು. ಉಳಿದದ್ದು ಬೇರೆ ಹಾಳೆಯಲ್ಲಿ ಹೋಗಬೇಕು. ಮುಖ್ಯ ಪತ್ರವನ್ನು ಒಮ್ಮೆ ಬರೆದು, ಎಲ್ಲರೂ ಓದುತ್ತಾರೆಂದು ಭಾವಿಸಿ ತಿದ್ದಿ, ಮತ್ತೆ ಶುದ್ಧ ಪ್ರತಿ ಮಾಡಬೇಕು. ತಾವೂ ಹಾಗೆಯೇ ಮಾಡುವುದಾಗಿ ಅವರು ಹೇಳಿಕೊಂಡಿದ್ದಾರೆ. ಯೇಸುಸಭೆಯವರು ಮೊದಲು ನಾಲ್ಕು ತಿಂಗಳಿಗೊಮ್ಮೆ ವರದಿ ಕಳುಹಿಸುತ್ತಿದ್ದರು. ಅದು ಭಾರವಾದಾಗ 1565ರಿಂದ ವರ್ಷಕ್ಕೊಂದು ಪತ್ರವೆಂಬ ಏರ್ಪಾಡು ಬಂತು. 17ನೇ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಯ ಮಿಷನ್ನಿನಿಂದಲೂ ಇಂಥ ಪತ್ರಗಳು ಹೋದವು. ಈ ನಾಡಿನ ಧರ್ಮಸಭೆಯ ಚರಿತ್ರೆಯನ್ನು ಬರೆಯುವವರಿಗೆ ಅವೇ ಆಧಾರವಾಗಿವೆ.

ಆ ಬೇರೆ ಹಾಳೆಯ ಉಪಾಯ ನಮಗೂ ಬೇಕಾದದ್ದು. ಯಾಕೆಂದರೆ ಪತ್ರ ಬರೆಯಲು ಕುಳಿತವರ ಕಷ್ಟ ಅಲ್ಲಿಯೇ ಇರುವುದು. ಮದುವೆ, ನಾಮಕರಣ, ಪ್ರಥಮ ಪರಮಪ್ರಸಾದ, ಪದವಿ, ಗುರುದೀಕ್ಷೆ ಇವನ್ನು ಬರೆಯಲು ಯಾರಿಗೂ ತೊಂದರೆಯಿಲ್ಲ. ಕೆಲಸ ಕಳೆದುಕೊಂಡವನ ಸುದ್ದಿ? ಗಂಡನ ಮನೆಯಿಂದ ಮರಳಿ ಬಂದ ತಂಗಿಯದು? ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿದ ಚಿಕ್ಕಪ್ಪನದು? ಮರೆವಿನ ಕಾಯಿಲೆಯಿಂದ ಮಕ್ಕಳ ಗುರುತೂ ಸಿಗದ ದೊಡ್ಡಮ್ಮನದು? ಮನೆಯ ಮರ್ಯಾದೆ ಎಂಬ ಮಾತು ಇಲ್ಲಿ ಅಡ್ಡಬರುತ್ತದೆ. ಫಲವಾಗಿ ಅಂಥವರ ಹೆಸರೇ ಪತ್ರದಿಂದ ಬಿದ್ದುಹೋಗುತ್ತದೆ. ಸಿಹಿ ಸುದ್ದಿಯಿದ್ದ ಕವಲು ಮಾತ್ರ ಉಳಿದ ಪತ್ರವನ್ನು ಓದುವಾಗ, ಕಷ್ಟದಲ್ಲಿರುವವನಿಗೆ ತನ್ನ ಮನೆಯವರೆಲ್ಲ ಸುಖವಾಗಿದ್ದಾರೆ, ತಾನೊಬ್ಬನೇ ಹೊರಗಿನವನು ಎನ್ನಿಸುತ್ತದೆ. ಅಂಥ ಪತ್ರವನ್ನು ಬರೆಯದಿರುವುದೇ ವಾಸಿ.

ಸಂತ ಪೌಲರು ಹೀಗೆ ಮಾಡಲಿಲ್ಲ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯವನ್ನು ಇಂದು ರಾತ್ರಿ ಜಪಸರವಾದ ಮೇಲೆ ಮನೆಯಲ್ಲಿ ಓದಿ. ಅದು ದೈವಶಾಸ್ತ್ರವೆನ್ನುವುದಕ್ಕಿಂತ ಮನೆಯ ಸುದ್ದಿಯಂತಿದೆ. ದೇಮ ಬಿಟ್ಟುಹೋದ. ತ್ರೊಫಿಮನಿಗೆ ಕಾಯಿಲೆ, ಅವನನ್ನು ಮಿಲೇತದಲ್ಲಿ ಬಿಟ್ಟುಬರಬೇಕಾಯಿತು. ತ್ರೋವದಲ್ಲಿ ಕಾರ್ಪನ ಮನೆಯಲ್ಲಿ ಉಳಿದ ಮೇಲಂಗಿಯನ್ನೂ ಪುಸ್ತಕಗಳನ್ನೂ ಬರುವಾಗ ತೆಗೆದುಕೊಂಡು ಬಾ. ಚಳಿಗಾಲಕ್ಕೆ ಮುಂಚೆ ಬಾ. ಮತ್ತೆ ಅಲ್ಲಿಯೇ, ಮಾರ್ಕನನ್ನೂ ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂಬ ಅರ್ಥದ ಒಂದು ಸಾಲು ಇದೆ. ಈ ಮಾರ್ಕ ಯಾರು? ಪಂಫುಲ್ಯದಲ್ಲಿ ಅರ್ಧ ದಾರಿಗೆ ಕೈಬಿಟ್ಟು ಹೋದವನು. ಅವನನ್ನು ಮತ್ತೆ ಕರೆದೊಯ್ಯಬೇಕೇ ಬೇಡವೇ ಎಂಬ ಜಗಳದಲ್ಲಿ ಪೌಲರೂ ಬಾರ್ನಬರೂ ಬೇರೆ ಬೇರೆ ದಾರಿ ಹಿಡಿದರೆಂದು ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯ ಮುಚ್ಚಿಡದೆ ಹೇಳುತ್ತದೆ. ಹಳೆಯ ಜಗಳದ ವಿಚಾರಣೆ ಈ ಪತ್ರದಲ್ಲಿಲ್ಲ. ಕ್ಷಮೆಯ ಭಾಷಣವೂ ಇಲ್ಲ. ಕರೆದುಕೊಂಡು ಬಾ, ಅಷ್ಟೇ.

ನಮ್ಮ ಮನೆತನಗಳಲ್ಲಿಯೂ ಆಸ್ತಿ ಪಾಲಿನ ದಿನ ಮಾತು ಬಿಟ್ಟ ಒಂದು ಕವಲು ಇರುತ್ತದೆ. ಪತ್ರ ಬರೆಯುವವರು ಆ ಕವಲಿಗೂ ಎಲ್ಲರಿಗೆ ಕಳುಹಿಸಿದ ಪ್ರಶ್ನೆಗಳನ್ನೇ ಕಳುಹಿಸಲಿ. ಉತ್ತರ ಬಾರದಿದ್ದರೆ ಅವರ ಮಕ್ಕಳ ಹೆಸರು, ಊರು, ತಿಳಿದಷ್ಟು ಒಳ್ಳೆಯ ಮಾತು ಬರೆದು, ಪತ್ರದ ಪ್ರತಿಯನ್ನು ಅವರಿಗೂ ಅಂಚೆಗೆ ಹಾಕಲಿ. ಮರುವರ್ಷವೂ ಹಾಗೆಯೇ. ಬೇರೆ ಜಾತಿಯಲ್ಲಿ ಮದುವೆಯಾಗಿ ದೂರವಾದವರಿಗೂ, ಪೂಜೆಗೆ ಹೋಗುವುದನ್ನು ಬಿಟ್ಟ ಮಕ್ಕಳಿಗೂ ಇದೇ ಕ್ರಮ. ಪತ್ರದಲ್ಲಿ ಅವರಿಗೆ ಬುದ್ಧಿವಾದ ಬೇಡ. ಹಬ್ಬದ ಹೊತ್ತಿಗೆ ಬುದ್ಧಿ ಹೇಳುವ ದೊಡ್ಡಪ್ಪಂದಿರು ಈಗಾಗಲೇ ಬೇಕಾದಷ್ಟಿದ್ದಾರೆ.

ಕಹಿ ಸುದ್ದಿಯನ್ನು ಬರೆಯುವ ಮುನ್ನ ಸಂಬಂಧಪಟ್ಟವರನ್ನು ಕೇಳಲೇಬೇಕು. "ನಿನ್ನ ಬಗ್ಗೆ ಏನು ಬರೆಯಲಿ?" ಎಂದು ಅವರಿಂದಲೇ ಸಾಲನ್ನು ಹೇಳಿಸಿಕೊಳ್ಳುವುದು ಉತ್ತಮ. ಉದಾಹರಣೆಗೆ ಹೀಗೆ: "ಶಿವಮೊಗ್ಗದ ಕವಲು. ಮೇ ತಿಂಗಳಲ್ಲಿ ಅಣ್ಣನ ಕೆಲಸ ಹೋಯಿತು. ಅತ್ತಿಗೆ ಹೊಲಿಗೆಯಿಂದ ಮನೆ ನಡೆಸುತ್ತಿದ್ದಾರೆ. ಲೆಕ್ಕಪತ್ರದ ಕೆಲಸ ಎಲ್ಲಿಯಾದರೂ ಇದ್ದರೆ ತಿಳಿಸಿ." ನಾಲ್ಕು ಸಾಲು. ಅದರಲ್ಲಿ ಅವಮಾನವಿಲ್ಲ, ಅನುಕಂಪದ ಅತಿರೇಕವಿಲ್ಲ, ಮಾಡಬಹುದಾದ ಸಹಾಯ ಮಾತ್ರ ಸ್ಪಷ್ಟವಾಗಿದೆ. ಬರೆಯಬೇಡಿ ಎಂದವರ ವಿಷಯದಲ್ಲಿ ಅವರ ಹೆಸರು ಮತ್ತು "ಪ್ರಾರ್ಥನೆ ಕೋರಿದ್ದಾರೆ" ಎಂಬುದಷ್ಟೇ ಇರಲಿ. ಉಳಿದದ್ದು ಬೇರೆ ಹಾಳೆಗೆ, ಅಂದರೆ ಅವರೇ ಆರಿಸಿದ ಒಬ್ಬಿಬ್ಬರಿಗೆ.

ಯಾರು ಬರೆಯಬೇಕು? ಹಿರಿಯ ಮಗನೇ ಆಗಬೇಕೆಂದಿಲ್ಲ. ಎಲ್ಲರೂ ಮನಬಿಚ್ಚಿ ಮಾತನಾಡುವ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಪ್ರತಿ ಮನೆತನದಲ್ಲೂ ಇದ್ದೇ ಇರುತ್ತಾರೆ. ಸುದ್ದಿ ಅವರು ಸೇರಿಸಲಿ, ಟೈಪು ಮಾಡುವುದನ್ನು ಕಾಲೇಜಿನ ಮಕ್ಕಳು ಮಾಡಲಿ. ರೋಮನರಿಗೆ ಬರೆದ ಪತ್ರವನ್ನು ಪೌಲರು ಹೇಳಿ ಬರೆಸಿದವರು. ಬರೆದುಕೊಂಡ ತೆರ್ತಿಯನು ಕೊನೆಯಲ್ಲಿ ತನ್ನದೂ ಒಂದು ವಂದನೆಯನ್ನು ಸೇರಿಸಿಬಿಟ್ಟಿದ್ದಾನೆ. ನಿಮ್ಮ ತೆರ್ತಿಯನಿಗೂ ಒಂದು ಸಾಲು ಬಿಡಿ. ಅದೇ ಅಧ್ಯಾಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಂದಿಸಿದ್ದಾರೆ. ಅವರಲ್ಲಿ ಎಷ್ಟೊಂದು ಮಂದಿ ಹೆಂಗಸರು! ರೂಫನ ತಾಯಿ ತನಗೂ ತಾಯಿಯೇ ಎನ್ನುತ್ತಾರೆ ಪೌಲರು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಎಂಬ ಗಾದೆಯನ್ನು ನಮ್ಮ ಮನೆತನದ ವಂಶವೃಕ್ಷಗಳು ಇಂದಿಗೂ ಪಾಲಿಸುತ್ತಿವೆ. ಗಂಡುಮಕ್ಕಳ ಕೊಂಬೆಗಳು ಐದು ತಲೆಮಾರು ಕೆಳಗಿಳಿದಿರುತ್ತವೆ; ಹೆಣ್ಣುಮಕ್ಕಳ ಹೆಸರಿನ ಮುಂದೆ ಗಂಡನ ಊರು ಬರೆದು ಗೆರೆ ಎಳೆದಿರುತ್ತಾರೆ. ಈ ಗೆರೆಯನ್ನು ಪತ್ರದಲ್ಲಿ ಅಳಿಸಿ. ಕೊಟ್ಟ ಮನೆಯ ಸುದ್ದಿಯೂ ನಮ್ಮ ಸುದ್ದಿಯೇ. ಕನ್ಯಾಸ್ತ್ರೀಯಾಗಿ ಉತ್ತರದ ಯಾವುದೋ ಹಳ್ಳಿಯ ದವಾಖಾನೆಯಲ್ಲಿರುವ ಅತ್ತೆಯದೂ ಒಂದು ಕವಲು. ಅವರಿಗೆ ಮಕ್ಕಳಿಲ್ಲ, ಮನೆಯಿಲ್ಲ, ಚಿತ್ರ ಹಾಕುವ ಅಭ್ಯಾಸವೂ ಇಲ್ಲದಿರಬಹುದು. ಆದರೆ ಆ ಹಳ್ಳಿಯ ಒಂದು ವರ್ಷದ ಸುದ್ದಿಯನ್ನು ಅವರು ಬರೆದುಕೊಟ್ಟರೆ ಇಡೀ ಪತ್ರದಲ್ಲಿ ಅದನ್ನೇ ಮಕ್ಕಳು ಎರಡು ಸಲ ಓದುತ್ತಾರೆ.

ವರ್ಷದಲ್ಲಿ ತೀರಿಹೋದವರಿಗೆ ಹೆಚ್ಚು ಜಾಗ ಕೊಡಿ. ಕಾಯಿಲೆಯ ವಿವರ ಸಾಕು ಸಾಕೆನಿಸುವಷ್ಟು ಬರೆಯುತ್ತಾರೆ; ಅವರು ಹೇಗೆ ನಗುತ್ತಿದ್ದರು, ಯಾವ ಮರ ನೆಟ್ಟರು ಎಂಬುದು ಎಲ್ಲಿಯೂ ಇರುವುದಿಲ್ಲ. 2020ರಲ್ಲಿ ಕೊರೋನಾದ ದಿನಗಳಲ್ಲಿ ಎಷ್ಟೋ ಮನೆಗಳವರು ಸಮಾಧಿಯ ಹತ್ತಿರ ನಿಲ್ಲಲೂ ಆಗದೆ ಹೆತ್ತವರನ್ನು ಕಳುಹಿಸಿಕೊಟ್ಟರು. ಕೆನಡಾದಲ್ಲಿದ್ದ ಮಗ ಇಲ್ಲಿಯ ಮಣ್ಣಿಗೆ ಒಂದು ಹಿಡಿ ಹಾಕಲಾಗಲಿಲ್ಲ. ಅಂಥವರಿಗೆ, ತಡವಾಗಿಯಾದರೂ, ನಾಲ್ಕು ಜನರ ನೆನಪು ಸೇರಿದ ಒಂದು ಪುಟ ಬೇಕು. ಆ ವರ್ಷ ಬರೆಯದಿದ್ದರೆ ಈಗ ಬರೆಯಿರಿ.

ಸುದ್ದಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಕರಾವಳಿಯ ಹಿರಿಯರು ಮರೆತಿಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಹೊಕ್ಕಾಗ ನಮ್ಮವರೂ ಬಹಳ ಮಂದಿ ಅಲ್ಲಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನಿಗೆ ಬಂದು ಏರ್ ಇಂಡಿಯಾ ವಿಮಾನಗಳಲ್ಲಿ ತಾಯ್ನಾಡು ತಲುಪುವಷ್ಟರಲ್ಲಿ ವಾರಗಳೇ ಕಳೆದವು. ಫೋನಿಲ್ಲ, ಕಾಗದವಿಲ್ಲ. ಮರಳಿದವರೊಬ್ಬರು ಇನ್ನೊಬ್ಬರನ್ನು ಎಲ್ಲಿಯೋ ಕಂಡೆನೆಂದು ಹೇಳಿದ ಒಂದು ಮಾತಿಗೆ ಮನೆಯವರು ಹತ್ತು ಮೈಲಿ ನಡೆದುಹೋಗಲೂ ಸಿದ್ಧರಿದ್ದರು. ಈಗ ಫೋನು ಎಲ್ಲರ ಜೇಬಿನಲ್ಲಿದೆ, ಆದರೂ ಒಂದೇ ಮನೆತನದ ಎರಡು ಕವಲುಗಳು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಹತ್ತು ವರ್ಷ ಕಳೆಯುವುದುಂಟು.

ಇನ್ನು ಕೆಲಸದ ಮಾತು. ಡಿಸೆಂಬರ್ ಮೊದಲ ವಾರ ಪ್ರಶ್ನೆ ಹೋಗಲಿ. ಹದಿನೈದರೊಳಗೆ ಉತ್ತರ ಬರಲಿ. ಬಾರದವರಿಗೆ ಸಂದೇಶದ ಬದಲು ಫೋನು ಮಾಡಿ, ಸಾಧ್ಯವಿದ್ದರೆ ಮನೆಗೇ ಹೋಗಿ. ಒಂದು ಕವಲಿಗೆ ಅರ್ಧ ಪುಟಕ್ಕಿಂತ ಹೆಚ್ಚು ಬೇಡ, ಇಲ್ಲವಾದರೆ ಅಮೆರಿಕದ ಕವಲು ಮೂರು ಪುಟ ತಿಂದುಬಿಡುತ್ತದೆ. ಪ್ರತಿಯೊಬ್ಬರ ಈಗಿನ ವಿಳಾಸ, ಫೋನು ಸಂಖ್ಯೆ ಕೊನೆಯ ಹಾಳೆಯಲ್ಲಿರಲಿ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಯಾರಾದರೂ ಓದಿ ಧ್ವನಿಮುದ್ರಿಸಿ ಕಳುಹಿಸಲಿ. ಊರಿನಲ್ಲಿ ಉಳಿದ ಹಿರಿಯರಿಗೆ ಮಾತ್ರ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿದ ಪ್ರತಿಯೇ ಬೇಕು. ಮೊಬೈಲಿನ ಪರದೆಯ ಮೇಲೆ ಅವರಿಗೆ ಕಣ್ಣು ಓಡುವುದಿಲ್ಲ. ಕಾಗದವಾದರೆ ದಿಂಬಿನ ಕೆಳಗಿಟ್ಟುಕೊಳ್ಳುತ್ತಾರೆ. ಕ್ರಿಸ್ತಜಯಂತಿಯ ನಂತರದ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಅಂದು ಊಟಕ್ಕೆ ಮುಂಚೆ ಮನೆಯ ಕಿರಿಯವರು ಅದನ್ನು ನಿಂತು ಓದಲಿ, ಹೆಸರುಗಳನ್ನು ನಿಧಾನವಾಗಿ, ಒಂದನ್ನೂ ಬಿಡದೆ. ಕಿವಿ ಮಂದವಾದ ಅಜ್ಜಿ ಯಾವುದಾದರೊಂದು ಹೆಸರಿನ ಬಳಿ "ಯಾರು? ಇನ್ನೊಮ್ಮೆ ಹೇಳು" ಎಂದರೆ, ಇನ್ನೊಮ್ಮೆ ಓದಿ.