ಆರು ವರ್ಷದ ವೀಸಾ, ಹದಿನೈದು ವರ್ಷದ ಬೆಕ್ಕು

ಅಮೆರಿಕಕ್ಕೆ ಬಂದು, ಮನೆ ಹಿಡಿದು, ಮಕ್ಕಳನ್ನು ಶಾಲೆಗೆ ಸೇರಿಸಿ, ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಬಹಳಷ್ಟು ಮನೆಗಳಲ್ಲಿ ಬೆಕ್ಕಿನ ಮಾತು ಎದ್ದೇ ಏಳುತ್ತದೆ. ನಾಯಿಯಾದರೆ ಹಿಮ ಬೀಳುವಾಗಲೂ ಹೊರಗೆ ಕರೆದೊಯ್ಯಬೇಕು, ಬೆಕ್ಕಿಗೆ ಆ ರಗಳೆಯಿಲ್ಲ ಎಂಬುದು ಲೆಕ್ಕಾಚಾರ. ಲೆಕ್ಕ ತಪ್ಪಲ್ಲ, ಆದರೆ ಅದರಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿದೆ. ಮನೆಯೊಳಗೇ ಬೆಳೆಯುವ ಬೆಕ್ಕು 15 ವರ್ಷ ಬದುಕುವುದು ಸಾಮಾನ್ಯ. ಎಚ್-1ಬಿ ವೀಸಾದ ಅವಧಿಯಾದರೋ ಮೊದಲಿಗೆ 3 ವರ್ಷ, ವಿಸ್ತರಣೆ ಸೇರಿ 6. ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಅದಕ್ಕೂ ಮುಂದೆ. ಕೆಲಸ ಹೋದರೆ ಬೇರೆ ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಹಾಗಾದರೆ ಬೆಕ್ಕು ಸಾಕಲೇಬಾರದೇ? ಸಾಕಬಹುದು. ಆದರೆ ಜಾಹೀರಾತು ನೋಡಿ ಮರಿ ಕೊಳ್ಳುವ ಬದಲು ರೆಸ್ಕ್ಯೂ ಗುಂಪಿನಿಂದ, ಸಾಧ್ಯವಾದರೆ ಬೆಳೆದ ಬೆಕ್ಕನ್ನೇ ದತ್ತು ತೆಗೆದುಕೊಳ್ಳಬೇಕು ಎಂಬುದು ನನ್ನ ವಾದ. ಎಲ್ಲರೂ ಕಿರಿಕಿರಿಯೆಂದು ದೂರುವ ಆ ಗುಂಪುಗಳ ಕರಾರುಪತ್ರವೇ, ನೆಲೆ ಇನ್ನೂ ಗಟ್ಟಿಯಾಗದ ಕುಟುಂಬಗಳಿಗೆ ಒದಗುವ ಆಸರೆ.

ಊರಿನಲ್ಲಿ ಬೆಕ್ಕು ತರುವುದೆಂದರೆ ಪಕ್ಕದ ಮನೆಯ ಬೆಕ್ಕು ಮರಿ ಹಾಕಿದಾಗ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬರುವುದು, ಅಷ್ಟೆ. ಇಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ನಗರ ಅಥವಾ ಕೌಂಟಿ ನಡೆಸುವ ಶೆಲ್ಟರ್. ಅಲ್ಲಿ ಸದಾ ಜಾಗದ ಕೊರತೆ, ಹಾಗಾಗಿ ವಿಧಿವಿಧಾನ ಕಡಿಮೆ. ಎಷ್ಟೋ ಸಲ ಹೋದ ದಿನವೇ ಬೆಕ್ಕಿನೊಂದಿಗೆ ಮರಳಬಹುದು. ಇನ್ನೊಂದು ಸ್ವಯಂಸೇವಕರ ರೆಸ್ಕ್ಯೂ ಗುಂಪು. ಇಂಥ ಎಷ್ಟೋ ಗುಂಪುಗಳಿಗೆ ಸ್ವಂತ ಕಟ್ಟಡವಿಲ್ಲ. ಬೆಕ್ಕುಗಳು ಸದಸ್ಯರ ಮನೆಗಳಲ್ಲೇ ಇರುತ್ತವೆ. ಅದನ್ನು ಫಾಸ್ಟರ್ ಮನೆ ಎನ್ನುತ್ತಾರೆ. ಪಂಜರದಲ್ಲಿ ಹೆದರಿ ಮುದುಡಿ ಕುಳಿತ ಬೆಕ್ಕಿನ ಸ್ವಭಾವ ಹತ್ತು ನಿಮಿಷದಲ್ಲಿ ತಿಳಿಯದು. ವಾರಗಟ್ಟಲೆ ಅದರೊಂದಿಗೆ ಬದುಕಿದವರು ಹೇಳಬಲ್ಲರು: ಚಿಕ್ಕ ಮಕ್ಕಳನ್ನು ಕಂಡರೆ ಹೇಗಿರುತ್ತದೆ, ಸೋಫಾ ಪರಚುತ್ತದೆಯೇ, ವ್ಯಾಕ್ಯೂಮ್ ಸದ್ದಿಗೆ ಅಡಗಿ ಕೂರುತ್ತದೆಯೇ ಎಂದು. ವ್ಯಾಕ್ಯೂಮ್ ಸಹಿಸುವ ಬೆಕ್ಕು ನಮ್ಮ ಮಿಕ್ಸಿಯನ್ನೂ ಕುಕ್ಕರಿನ ಸೀಟಿಯನ್ನೂ ಸಹಿಸೀತು ಎಂದು ನಂಬಬಹುದು.

ಮೊದಲ ಆಕ್ಷೇಪ ಅರ್ಜಿಯ ಬಗ್ಗೆ. ಮನೆ ಬಾಡಿಗೆಯದೋ ಸ್ವಂತದ್ದೋ, ಮಾಲೀಕರ ಒಪ್ಪಿಗೆ ಇದೆಯೇ, ದಿನಕ್ಕೆ ಎಷ್ಟು ಹೊತ್ತು ಮನೆ ಖಾಲಿ ಇರುತ್ತದೆ, ಊರು ಬದಲಿಸಿದರೆ ಏನು ಮಾಡುತ್ತೀರಿ, ನಿಮ್ಮ ಪಶುವೈದ್ಯರು ಯಾರು. ಹೊಸಬರಿಗೆ ಇದು ತಮ್ಮ ಮೇಲಿನ ಅನುಮಾನದಂತೆ ಕಾಣುವುದು ಸಹಜ. ಕೆಲವು ಗುಂಪುಗಳು ಅತಿಯಾಗಿ ವರ್ತಿಸುವುದೂ ನಿಜ, ಎಲ್ಲರನ್ನೂ ಸಮರ್ಥಿಸಬೇಕಾಗಿಲ್ಲ. ಆದರೆ ಪ್ರಶ್ನೆಗಳನ್ನು ಒಂದೊಂದಾಗಿ ನೋಡಿದರೆ, ಇವು ನಾವೇ ಕೇಳಿಕೊಳ್ಳಬೇಕಾದವು. ಲೀಸ್‌ನಲ್ಲಿ ಅನುಮತಿಯಿಲ್ಲದೆ ಬೆಕ್ಕು ತಂದರೆ ತೊಂದರೆ ಅವರಿಗಲ್ಲ, ನಮಗೆ. ಅನುಮತಿ ಇರುವಲ್ಲೂ ಠೇವಣಿ, ತಿಂಗಳ ಪೆಟ್ ರೆಂಟ್ ಎಂದು ಖರ್ಚು ಬೀಳುತ್ತದೆ. ಪಶುವೈದ್ಯರ ಪರಿಚಯವಿಲ್ಲದಿದ್ದರೆ ಇದು ಮೊದಲ ಬೆಕ್ಕು ಎಂದು ಬರೆಯಿರಿ, ಬದಲಿಗೆ ಮಾಲೀಕರ ಪತ್ರ, ಸಹೋದ್ಯೋಗಿಯೊಬ್ಬರ ಫೋನ್ ನಂಬರು ಕೊಡಿ. ವೀಸಾ ವಿಷಯವನ್ನೂ ಮುಚ್ಚಿಡಬೇಡಿ. ಒಬ್ಬರು ನಿರಾಕರಿಸಿದರೆ ಇನ್ನೊಂದು ಗುಂಪಿದೆ, ಶೆಲ್ಟರ್ ಅಂತೂ ಇದ್ದೇ ಇದೆ.

ಬೀದಿಯಲ್ಲಿ ಸಿಕ್ಕ ಬೆಕ್ಕಿಗೆ ನೂರಿನ್ನೂರು ಡಾಲರ್ ಏಕೆ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಸುಲಭ. ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ, ಮೈಕ್ರೋಚಿಪ್, ಎಫ್‌ಐವಿ ಮತ್ತು ಲ್ಯುಕೇಮಿಯಾ ವೈರಸ್ ಪರೀಕ್ಷೆ ಆ ಶುಲ್ಕದಲ್ಲೇ ಸೇರಿರುತ್ತವೆ. ಪುಕ್ಕಟೆ ಸಿಕ್ಕ ಮರಿಗೆ ಇವಿಷ್ಟನ್ನೂ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿದರೆ ಖರ್ಚು ಹಲವು ಪಟ್ಟು. ಬೆಕ್ಕನ್ನು ತೋರಿಸದೆ ಮುಂಗಡ ಕೇಳುವವರಿಂದ ಮಾತ್ರ ದೂರವಿರಿ. ಗುಂಪು ನೋಂದಾಯಿತ ಲಾಭರಹಿತ ಸಂಸ್ಥೆಯೇ ಎಂದು ಐಆರ್‌ಎಸ್ ಜಾಲತಾಣದಲ್ಲಿ ನೋಡಬಹುದು.

ಈಗ ಕರಾರಿನ ವಿಷಯ. ಬಹುತೇಕ ಗುಂಪುಗಳ ಪತ್ರದಲ್ಲಿ ಒಂದು ಷರತ್ತಿರುತ್ತದೆ: ಯಾವಾಗಲಾದರೂ ಬೆಕ್ಕನ್ನು ಇಟ್ಟುಕೊಳ್ಳಲಾಗದಿದ್ದರೆ ನಮಗೇ ಮರಳಿಸಬೇಕು, ಬೇರೆಯವರಿಗೆ ಕೊಡುವಂತಿಲ್ಲ, ಶೆಲ್ಟರಿನಲ್ಲಿ ಬಿಡುವಂತಿಲ್ಲ. ಇದನ್ನು ನಿರ್ಬಂಧವೆಂದೇ ಓದುವವರು ಹೆಚ್ಚು. 60 ದಿನದಲ್ಲಿ ಮನೆ ಖಾಲಿ ಮಾಡಬೇಕಾದ ಕುಟುಂಬ ಅದನ್ನು ಇನ್ನೊಂದು ಬದಿಯಿಂದ ಓದಬೇಕು: ಎಂಟು ವರ್ಷದ ನಂತರವೂ ಆ ಬೆಕ್ಕನ್ನು ಕೇಳುವವರು ಒಬ್ಬರಿದ್ದಾರೆ. ಜಾಹೀರಾತಿನಲ್ಲಿ ಕೊಂಡ ಬೆಕ್ಕಿಗೆ ಉಳಿಯುವುದು ಪರಿಚಿತರ ದಾಕ್ಷಿಣ್ಯ ಅಥವಾ ಕೌಂಟಿ ಶೆಲ್ಟರ್. ವಸಂತದಿಂದ ಶರತ್ಕಾಲದವರೆಗೆ ಮರಿಗಳಿಂದ ತುಂಬಿ ತುಳುಕುವ ಶೆಲ್ಟರಿನಲ್ಲಿ ವಯಸ್ಸಾದ ಬೆಕ್ಕನ್ನು ಯಾರೂ ತಿರುಗಿ ನೋಡುವುದಿಲ್ಲ. ಹಿಂದಿರುಗಿಸುವುದನ್ನು ಮೊದಲೇ ಯೋಚಿಸಿ ತರುವುದು ಕ್ರೂರವಲ್ಲವೇ ಎಂದರೆ, ಯೋಚಿಸದೆ ತಂದು ಕೊನೆಯ ವಾರದಲ್ಲಿ ಕೈಚೆಲ್ಲುವುದು ಅದಕ್ಕಿಂತ ಕ್ರೂರ. ಅದೂ ಅಲ್ಲದೆ ಮರಳಿಸುವುದೊಂದೇ ದಾರಿಯಲ್ಲ. ವಾಸ ಬದಲಿಸಿ ಭಾರತಕ್ಕೆ ಹಿಂದಿರುಗುವವರಿಗೆ 2 ಸಾಕುಪ್ರಾಣಿಗಳವರೆಗೆ ಜೊತೆಗೆ ತರಲು ಅವಕಾಶವಿದೆ. ಭಾರತದ ಪ್ರಾಣಿ ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ, ರೇಬಿಸ್ ಲಸಿಕೆಯ ದಾಖಲೆ, ಅಮೆರಿಕದ ಕೃಷಿ ಇಲಾಖೆಯ ಮುದ್ರೆ ಬಿದ್ದ ಆರೋಗ್ಯ ಪ್ರಮಾಣಪತ್ರ ಬೇಕು. ಇದು ಪ್ರಯಾಣದ ಹಿಂದಿನ ವಾರ ಮುಗಿಯುವ ಕೆಲಸವಲ್ಲ.

ಮಕ್ಕಳು ಕೇಳುವುದು ಮರಿಯನ್ನೇ. ಮರಿ ಚೆಂದ, ಒಪ್ಪೋಣ. ಆದರೆ 7 ವರ್ಷದ ಬೆಕ್ಕು ತಂದರೆ ನಮ್ಮ ವೀಸಾ ಅವಧಿಗೂ ಅದರ ಉಳಿದ ಆಯುಷ್ಯಕ್ಕೂ ನಡುವಿನ ಅಂತರ 9 ವರ್ಷದಿಂದ 2ಕ್ಕೆ ಇಳಿಯುತ್ತದೆ. ಅದರ ಸ್ವಭಾವ ಆಗಲೇ ರೂಪುಗೊಂಡಿರುತ್ತದೆ, ರಾತ್ರಿ ಮೂರಕ್ಕೆ ಪರದೆ ಹತ್ತುವ ಕಾಲವೂ ಮುಗಿದಿರುತ್ತದೆ. ಅಷ್ಟಕ್ಕೂ ಧೈರ್ಯ ಸಾಲದಿದ್ದರೆ ಮೊದಲು ಫಾಸ್ಟರ್ ಆಗಿ ನೋಡಬಹುದು. ಹೆಚ್ಚಿನ ಗುಂಪುಗಳು ವೈದ್ಯಕೀಯ ಖರ್ಚು ತಾವೇ ಭರಿಸುತ್ತವೆ. ಮನೆಯಲ್ಲಿ ಯಾರಿಗಾದರೂ ಬೆಕ್ಕಿನ ಅಲರ್ಜಿ ಇದೆಯೇ ಎಂಬುದೂ ಆಗ ತಿಳಿಯುತ್ತದೆ.

ಸಸ್ಯಾಹಾರಿ ಮನೆಗಳ ಆಕ್ಷೇಪಕ್ಕೆ ಮಾತ್ರ ನಯವಾದ ಉತ್ತರವಿಲ್ಲ. ಬೆಕ್ಕು ಮಾಂಸ ತಿನ್ನಲೇಬೇಕು. ಊರಿನ ಬೆಕ್ಕು ಹಾಲನ್ನದಲ್ಲೇ ಬದುಕಿತ್ತು ಎಂಬ ನೆನಪಿನಲ್ಲಿ ಅದು ಅಟ್ಟದ ಮೇಲೆ ಹಿಡಿದ ಇಲಿಗಳ ಲೆಕ್ಕವಿಲ್ಲ. ಅಪಾರ್ಟ್‌ಮೆಂಟಿನ ಬೆಕ್ಕಿಗೆ ಆ ದಾರಿಯಿಲ್ಲ. ಪ್ರಾಣಿಜನ್ಯ ಆಹಾರದಲ್ಲಿರುವ ಟಾರೀನ್ ಸಾಲದಿದ್ದರೆ ಬೆಕ್ಕಿನ ಕಣ್ಣು ಕುರುಡಾಗುತ್ತದೆ. ಹೃದಯದ ಸ್ನಾಯುವೂ ಸೋಲುತ್ತದೆ ಎಂಬುದನ್ನು 1987ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಡಬ್ಬಿ ಆಹಾರ ತೆರೆಯಲು ಮನಸ್ಸು ಒಪ್ಪದಿದ್ದರೆ ಬೆಕ್ಕು ಬೇಡ, ಮೊಲ ನೋಡಿ. ರೆಸ್ಕ್ಯೂಗಳಲ್ಲಿ ಅವೂ ಇರುತ್ತವೆ. ಇನ್ನು ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಯಾವ ಅಡುಗೆಯನ್ನೂ ಬೆಕ್ಕಿಗೆ ಹಾಕಬಾರದು, ರಕ್ತಕಣಗಳು ನಾಶವಾಗುತ್ತವೆ. ಹೂದಾನಿಯಲ್ಲಿ ಲಿಲಿ ಇಡಲೇಬಾರದು. ಅದರ ಪರಾಗ ಮೈಗೆ ಅಂಟಿ, ಬೆಕ್ಕು ನೆಕ್ಕಿಕೊಂಡರೂ ಮೂತ್ರಪಿಂಡ ಕೆಡುತ್ತದೆ.

ಊರಿಗೆ ಹೋಗುವ ಮೂರು ನಾಲ್ಕು ವಾರ ಬೆಕ್ಕನ್ನು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಕನ್ನಡ ಕೂಟದ ಗೆಳೆಯರು ಸಹಜ ಉತ್ತರ, ಎಲ್ಲರೂ ಡಿಸೆಂಬರಿನಲ್ಲೇ ವಿಮಾನ ಹತ್ತದಿದ್ದರೆ. ಹಾಗಾಗಿ ಟಿಕೆಟ್ ತೆಗೆಯುವಾಗಲೇ ಮಾತಾಡಿಕೊಳ್ಳಿ. ಬೆಕ್ಕು ತಪ್ಪಿಸಿಕೊಂಡರೆ ಎಂಬ ಯೋಚನೆಯೂ ಇರಲಿ. ಮೈಕ್ರೋಚಿಪ್‌ನಲ್ಲಿ ನಿಮ್ಮ ಹೆಸರು ವಿಳಾಸ ಇರುವುದಿಲ್ಲ, ಬರೀ ಒಂದು ಸಂಖ್ಯೆ. ಅದಕ್ಕೆ ಸೇರಿದ ಫೋನ್ ನಂಬರು ಇರುವುದು ನೋಂದಣಿ ಸಂಸ್ಥೆಯ ಬಳಿ. ಕೆಲಸ ಬದಲಾಗಿ ಡಲ್ಲಾಸ್‌ನಿಂದ ನ್ಯೂಜೆರ್ಸಿಗೆ ಹೋದಾಗ ಬ್ಯಾಂಕಿಗೆ ವಿಳಾಸ ತಿಳಿಸುವವರು ಇದನ್ನು ಮರೆಯುತ್ತಾರೆ. ನೋಂದಣಿಯಲ್ಲಿ ಎರಡನೆಯ ಸಂಪರ್ಕವಾಗಿ ರೆಸ್ಕ್ಯೂ ಗುಂಪಿನ ನಂಬರು ಉಳಿಸಲು ಒಪ್ಪುತ್ತಾರೆಯೇ ಎಂದು ಸಹಿ ಹಾಕುವ ದಿನವೇ ಕೇಳಿ.