ರೋಟಾ ಲಸಿಕೆಯ ಹಿಂದಿನ ಲೆಕ್ಕ

ದ್ವಿತೀಯ ಪಿಯುಸಿಯಲ್ಲಿ ಆರೋಗ್ಯ ಮತ್ತು ರೋಗಗಳ ಪಾಠ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಒಂದು ಲಸಿಕೆ ಕೆಲಸ ಮಾಡುತ್ತೆ ಅಂತ ಹೇಗೆ ಗೊತ್ತಾಗುತ್ತೆ?" ಗಂಟೆ ಹೊಡೆಯುವ ಮುಂಚಿನ ಐದು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಆದ್ದರಿಂದ ನಮ್ಮ ರಾಜ್ಯಕ್ಕೂ ಸಂಬಂಧವಿರುವ ಒಂದು ಉದಾಹರಣೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆ ಎಲ್ಲರಿಗೂ ಗೊತ್ತಿರುವಂಥದ್ದೇ, ಎಳೆಮಕ್ಕಳ ವಾಂತಿಭೇದಿ. ನಮ್ಮ ಜಿನನಾಥಪುರದಲ್ಲಿ ಹಿರಿಯರು "ಹಲ್ಲು ಬರ್ತಿದೆ, ಅದಕ್ಕೇ ಭೇದಿ" ಎಂದು ಸಮಾಧಾನ ಹೇಳುವುದನ್ನು ಕೇಳುತ್ತಲೇ ಬೆಳೆದವನು ನಾನು. ಹಲ್ಲು ಮೂಡುವುದು ಸುಮಾರು ಆರು ತಿಂಗಳಿಂದ ಎರಡು ವರ್ಷದೊಳಗೆ. ರೋಟಾ ವೈರಸ್ಸಿನಿಂದ ಜೋರಾಗಿ ಭೇದಿಯಾಗುವುದೂ ಹೆಚ್ಚಾಗಿ ಅದೇ ವಯಸ್ಸಿನಲ್ಲಿ. ಎರಡೂ ಒಂದೇ ಕಾಲಕ್ಕೆ ಬರುತ್ತವೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಈ ವೈರಸ್ಸನ್ನು ಭೇದಿಯಾಗುತ್ತಿದ್ದ ಮಕ್ಕಳ ಕರುಳಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗುರುತಿಸಿದ್ದು 1973ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ರೂತ್ ಬಿಷಪ್ ಮತ್ತು ಅವರ ಸಂಗಡಿಗರು. ಚಕ್ರದ ಆಕಾರ ಇರುವುದರಿಂದ ಆ ಹೆಸರು; ಲ್ಯಾಟಿನ್ನಿನಲ್ಲಿ ರೋಟಾ ಎಂದರೆ ಚಕ್ರ.

ಮಗುವನ್ನು ನೋಡಿದ ಮಾತ್ರಕ್ಕೆ ಇದು ರೋಟಾ ಭೇದಿಯೇ ಎಂದು ಎಂಥ ವೈದ್ಯರೂ ಹೇಳಲಾರರು. ಮಲವನ್ನು ಎಲೈಸಾ ಪರೀಕ್ಷೆಗೆ ಹಾಕಬೇಕು. ಪ್ರತಿಕಾಯ ವೈರಸ್ಸಿಗೆ ಅಂಟಿದರೆ ದ್ರಾವಣಕ್ಕೆ ಬಣ್ಣ ಬರುತ್ತದೆ. ಚಿಕಿತ್ಸೆಗೆ ಈ ಪರೀಕ್ಷೆ ಬೇಕೇಬೇಕು ಎಂದೇನಿಲ್ಲ, ಯಾವ ಭೇದಿಯಾದರೂ ಮೊದಲು ನೀರಿನಂಶ ತುಂಬಬೇಕು. ಆದರೆ ಸಂಶೋಧನೆಗೆ ಇದಿಲ್ಲದೆ ನಡೆಯದು. ಭೇದಿ ಎಷ್ಟು ತೀವ್ರ ಎಂದು ಅಳೆಯುವುದಕ್ಕೂ ಒಂದು ಮಾಪಕ ಇದೆ. ಅದರ ಹೆಸರು ವೆಸಿಕಾರಿ ಅಂಕ. ಭೇದಿ, ವಾಂತಿ, ಜ್ವರ, ನಿರ್ಜಲೀಕರಣ ಇವಕ್ಕೆಲ್ಲ ಅಂಕ ಕೊಟ್ಟು ಕೂಡಿದರೆ ಗರಿಷ್ಠ 20. 11 ಅಥವಾ ಹೆಚ್ಚು ಬಂದರೆ ತೀವ್ರ.

ಲಸಿಕೆಯ ಸುಳಿವು ಸಿಕ್ಕಿದ್ದು ನವಜಾತ ಶಿಶುಗಳಿಂದ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಮಹಾರಾಜ್ ಕಿಶನ್ ಭಾನ್ ಮತ್ತು ಅವರ ತಂಡ, ರೋಟಾ ವೈರಸ್ ತಗುಲಿಯೂ ಭೇದಿಯಾಗದ ಶಿಶುಗಳನ್ನು ಗಮನಿಸಿತು. ಅಲ್ಲಿ ಸಿಕ್ಕ ತಳಿ 116ಇ. ಇತ್ತ ಬೆಂಗಳೂರಿನಲ್ಲೂ ಅಂಥದೇ ಶಿಶುಗಳಲ್ಲಿ ಒಂದು ತಳಿ ಸಿಕ್ಕಿತು. ಅದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಅಧ್ಯಯನ ಮಾಡಿತು. ಹೆಸರು ಐ321. ಇದರ ವಂಶವಾಹಿಗಳಲ್ಲಿ ಹೆಚ್ಚಿನವು ದನಗಳ ರೋಟಾ ವೈರಸ್ಸಿನವು! ಮನೆಗೆ ಅಂಟಿಕೊಂಡೇ ಕೊಟ್ಟಿಗೆ ಇರುವ ಊರಿನವರಿಗೆ ಇದು ಅಷ್ಟೇನೂ ಆಶ್ಚರ್ಯ ತರಲಾರದು.

ಎರಡೂ ತಳಿಗಳು ಭರವಸೆಯವೇ. ಆದರೆ ಭರವಸೆ ಪುರಾವೆಯಾಗುವುದಿಲ್ಲವಲ್ಲ. ದೆಹಲಿಯಲ್ಲಿ ಎಂಟು ವಾರದ 90 ಶಿಶುಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ 116ಇ, ಇನ್ನೊಂದಕ್ಕೆ ಐ321, ಮೂರನೆಯದಕ್ಕೆ ವೈರಸ್ಸೇ ಇಲ್ಲದ ಹುಸಿಮದ್ದು ಕೊಟ್ಟರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಪ್ರತಿಕಾಯ ನಾಲ್ಕು ಪಟ್ಟು ಏರಿದ ಮಕ್ಕಳು ಕ್ರಮವಾಗಿ ಶೇ. 73, ಶೇ. 39 ಮತ್ತು ಶೇ. 20. ಹುಸಿಮದ್ದು ಪಡೆದವರಲ್ಲೂ ಶೇ. 20 ಏಕೆ? ಆ ಅವಧಿಯಲ್ಲಿ ವೈರಸ್ ಅವರಿಗೆ ತಾನಾಗಿಯೇ ತಗುಲಿರಬೇಕು. ಆ ಮೂರನೆಯ ಗುಂಪು ಇಲ್ಲದಿದ್ದರೆ ಬೆಂಗಳೂರಿನ ತಳಿಯ ಶೇ. 39 ನಮಗೆ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಐ321 ಅಲ್ಲಿಗೇ ನಿಂತಿತು. ನಮ್ಮೂರಿನದು ಎಂಬ ಅಭಿಮಾನಕ್ಕೆ ಇಲ್ಲಿ ಜಾಗವಿಲ್ಲ. ಹಾಗೆ ಕೈಬಿಟ್ಟದ್ದೂ ಒಳ್ಳೆಯ ವಿಜ್ಞಾನವೇ ಎಂದು ನನ್ನ ಅಭಿಪ್ರಾಯ.

116ಇ ಮುಂದೆ ರೋಟಾವ್ಯಾಕ್ ಆಯಿತು. ದೆಹಲಿ, ಪುಣೆ ಮತ್ತು ವೆಲ್ಲೂರಿನಲ್ಲಿ 6,799 ಶಿಶುಗಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಯಾರಿಗೆ ಲಸಿಕೆ, ಯಾರಿಗೆ ಹುಸಿಮದ್ದು ಎಂಬುದು ತಾಯಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಲಸಿಕೆ ಪಡೆದ ಮಗುವಿನ ಭೇದಿಗೆ ಕೈ ಅರಿಯದೆಯೇ ಒಂದೆರಡು ಅಂಕ ಕಡಿಮೆ ಹಾಕೀತು. 2014ರಲ್ಲಿ ಹೊರಬಂದ ಫಲಿತಾಂಶ ಹೀಗಿತ್ತು: ತೀವ್ರ ರೋಟಾ ಭೇದಿಯ ಪ್ರಕರಣಗಳು ಲಸಿಕೆಯ ಗುಂಪಿನಲ್ಲಿ 71, ಹುಸಿಮದ್ದಿನ ಗುಂಪಿನಲ್ಲಿ 76.

ಇಲ್ಲಿ ಸ್ವಲ್ಪ ನಿಲ್ಲಿ. 71 ಮತ್ತು 76, ಅಂದರೆ ಲಸಿಕೆ ದಂಡವೇ? ಅಲ್ಲ. ಲಸಿಕೆ ಸಿಕ್ಕವರು 4,532 ಮಕ್ಕಳು, ಹುಸಿಮದ್ದು ಸಿಕ್ಕವರು 2,267, ಅಂದರೆ ಎರಡಕ್ಕೆ ಒಂದು. ಪ್ರತಿ ಮಗುವನ್ನು ಎಷ್ಟು ಕಾಲ ಗಮನಿಸಿದರು ಎಂಬುದನ್ನೂ ಕೂಡಿಸಿದರೆ ಲಸಿಕೆಯ ಗುಂಪಿಗೆ 4,752 ವರ್ಷ, ಇನ್ನೊಂದಕ್ಕೆ 2,360 ವರ್ಷ. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. 71 ಭಾಗಿಸು 4,752 ಎಂದರೆ ನೂರು ವರ್ಷಕ್ಕೆ 1.49, 76 ಭಾಗಿಸು 2,360 ಎಂದರೆ 3.22. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದರೆ 0.536. ರಕ್ಷಣೆ ಶೇ. 53.6. ಪತ್ರಿಕೆಯಲ್ಲೋ ವಾಟ್ಸಾಪಿನಲ್ಲೋ "ಲಸಿಕೆ ಪಡೆದವರಲ್ಲೂ ಇಷ್ಟು ಜನಕ್ಕೆ ಬಂತು" ಎಂದು ಓದಿದಾಗ, ಒಟ್ಟು ಎಷ್ಟು ಜನರಲ್ಲಿ ಎಂದು ಕೇಳಿ.

ಅಪಾಯದ ಮೇಲೂ ಕಣ್ಣಿಡಬೇಕಿತ್ತು. ಅಮೆರಿಕದಲ್ಲಿ 1998ರಲ್ಲಿ ಬಂದ ಮೊದಲ ರೋಟಾ ಲಸಿಕೆಯನ್ನು ಮರುವರ್ಷವೇ ಹಿಂದಕ್ಕೆ ಪಡೆದಿದ್ದರು. ಕೆಲವು ಮಕ್ಕಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿ ಸಿಕ್ಕಿಕೊಂಡಿತ್ತು. ಭಾರತದ ಪ್ರಯೋಗದಲ್ಲಿ ಅದನ್ನೇ ಹುಡುಕಿ ನೋಡಿದರು, ಎರಡೂ ಗುಂಪುಗಳ ಪ್ರಮಾಣದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬೇರೆ ಲಸಿಕೆಗಳು ಆಗಲೇ ಇರುವಾಗ ಮಕ್ಕಳಿಗೆ ಹುಸಿಮದ್ದು ಕೊಡುವುದು ನ್ಯಾಯವೇ ಎಂಬ ಪ್ರಶ್ನೆಯೂ ಎದ್ದಿತ್ತು. ಆ ಲಸಿಕೆಗಳು ಆಗ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಇರಲಿಲ್ಲ ನಿಜ. ಆದರೂ ಅದು ಸುಲಭದ ಪ್ರಶ್ನೆಯಲ್ಲ. ತರಗತಿಯಲ್ಲಿ ಚರ್ಚೆಗೆ ಇಡೋಣ.

2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ರೋಟಾ ಲಸಿಕೆ ಕರ್ನಾಟಕಕ್ಕೆ 2019ರಲ್ಲಿ ಬಂತು. 6, 10 ಮತ್ತು 14ನೇ ವಾರದಲ್ಲಿ ಬಾಯಿಗೆ ಹಾಕುತ್ತಾರೆ, ಹಣ ಕೊಡಬೇಕಿಲ್ಲ. ಮನೆಯಲ್ಲಿ ಕೂಸಿದ್ದರೆ ತಾಯಿ ಕಾರ್ಡ್ ತೆಗೆದು ನೋಡಿ.

ರಕ್ಷಣೆ ಅರ್ಧಕ್ಕಿಂತ ತುಸು ಹೆಚ್ಚು ಎಂದರೆ ಉಳಿದ ಭಾಗಕ್ಕೆ ಓಆರ್‌ಎಸ್ ಬೇಕೇ ಬೇಕು. ಗ್ಲೂಕೋಸ್ ಜೊತೆಗಿದ್ದರೆ ಸೋಡಿಯಂ ಕರುಳಿನ ಗೋಡೆ ದಾಟುತ್ತದೆ, ನೀರು ಅದರ ಹಿಂದೆ ಹೋಗುತ್ತದೆ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಿ. ಅರ್ಧ ಹಾಕಿ ಅರ್ಧ ಎತ್ತಿಡಬೇಡಿ. ಕದಡಿದ್ದನ್ನು 24 ಗಂಟೆ ಕಳೆದ ಮೇಲೆ ಚೆಲ್ಲಿ. ಜೊತೆಗೆ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತರೂ ನಿಲ್ಲಿಸಬಾರದು. ಎದೆಹಾಲು ಎಂದಿನಂತೆ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ.