‘ಚಲನೆ’ ಘಟಕಕ್ಕೆ ಒಂದು ಹಾಯಿದೋಣಿಯ ದಾರಿ

ವಿಷಯ: ವಿಜ್ಞಾನ. ತರಗತಿ: 9. ಘಟಕ: ಚಲನೆ. ಪಾಠಾಂಶ: ಏಕಮಾನ, ಸರಾಸರಿ ಜವ, ಆಕರ ಬಿಂದು. ಅವಧಿ: 40 ನಿಮಿಷದ ಎರಡು ಪಾಠಗಳು.

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕುಂದಾಪುರ ಕಡೆಯ ಒಂದು ಪ್ರೌಢಶಾಲೆ. ಚಲನೆಯ ಲೆಕ್ಕಗಳಲ್ಲಿ ಬಸ್ಸು, ರೈಲು, ಓಟಗಾರ ಬಂದುಹೋಗುತ್ತಾರೆ. ಉತ್ತರ ತಪ್ಪಿದರೆ ಒಂದು ಅಂಕ ಹೋಗುತ್ತದೆ, ಅಷ್ಟೆ. ಲೆಕ್ಕ ತಪ್ಪಿದರೆ ನಿಜಕ್ಕೂ ತೊಂದರೆಯಾಗುವಂಥ ಒಂದು ಪ್ರಯಾಣ ಬೇಕಿತ್ತು. ಹಾಗೆ ಹುಡುಕುವಾಗ ಅಮೆರಿಕದ ಪೂರ್ವ ಕರಾವಳಿಯ ಒಳನಾಡು ಜಲಮಾರ್ಗದ ಬಗ್ಗೆ ಓದಿದೆ.

ನದಿ, ಹಿನ್ನೀರು, ಕೊಲ್ಲಿಗಳನ್ನು ಕಾಲುವೆಗಳಿಂದ ಜೋಡಿಸಿದ ದಾರಿ ಇದು. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಇದರ ಸೊನ್ನೆ ಮೈಲಿ. ಅಲ್ಲಿಂದ ಮಯಾಮಿಗೆ ಸುಮಾರು 1,090 ಮೈಲಿ. ಪ್ರತಿ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅನೇಕರು ತಮ್ಮ ಹಾಯಿದೋಣಿಗಳಲ್ಲಿ ಈ ದಾರಿ ಹಿಡಿದು ದಕ್ಷಿಣಕ್ಕೆ ಹೊರಡುತ್ತಾರೆ. ಹೊರಗಿನ ಸಮುದ್ರದಲ್ಲಿ ಹ್ಯಾಟರಸ್ ಭೂಶಿರವಿದೆ. ಹಡಗುಗಳು ಒಡೆಯುವುದಕ್ಕೆ ಹೆಸರಾದ ಜಾಗ. ಒಳದಾರಿಯಲ್ಲಿ ಆ ಭಯವಿಲ್ಲ. ಬಹಳ ಬೇಗ ಹೊರಟರೆ ಚಂಡಮಾರುತದ ಕಾಲ (ಜೂನ್ 1ರಿಂದ ನವೆಂಬರ್ 30), ತಡವಾದರೆ ಕೊರೆಯುವ ಚಳಿ. ಕಾಲುವೆ ಕಿರಿದಾದ್ದರಿಂದ ಹಾಯಿ ಬಿಚ್ಚುವುದು ಕಡಿಮೆ, ಹೆಚ್ಚಿನ ದಾರಿ ಇಂಜಿನ್ನಿನಲ್ಲೇ. ಕತ್ತಲಲ್ಲಿ ದಾರಿಗುರುತಿನ ಕಂಬಗಳು ಸರಿಯಾಗಿ ಕಾಣುವುದಿಲ್ಲ, ಏಡಿ ಹಿಡಿಯುವ ಬೋನುಗಳ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಹೆಚ್ಚಿನವರು ಹಗಲಲ್ಲೇ ಸಾಗಿ ಸಂಜೆ ಲಂಗರು ಹಾಕುತ್ತಾರೆ. ನವೆಂಬರ್ ಮಧ್ಯದಲ್ಲಿ ನಾರ್ಫೋಕ್‌ನಲ್ಲಿ ಹಗಲು ಸುಮಾರು 10 ಗಂಟೆ ಮಾತ್ರ.

“ಇಲ್ಲೇ ಅಳಿವೆ ಇದೆಯಲ್ಲಮ್ಮ, ಅಮೆರಿಕಕ್ಕೆ ಯಾಕೆ ಹೋಗ್ತೀರಿ?” ಎಂದು ಮಾರ್ಗದರ್ಶಕರು ಕೇಳಿದರು. ಅಲ್ಲಿ ಮೈಲಿ, ಸೇತುವೆಯ ಎತ್ತರ, ನೀರಿನ ಆಳ ಎಲ್ಲವೂ ಅಂಕಿಗಳಲ್ಲಿ ಸಿಗುತ್ತವೆ ಸರ್ ಎಂದೆ. ಚಳ್ಳಕೆರೆ ಕಡೆಯವಳಾದ ನನಗೆ ಇಲ್ಲಿನ ಅಳಿವೆಯ ಬಗ್ಗೆ ಏನೂ ತಿಳಿದಿರಲಿಲ್ಲ ಎಂಬುದನ್ನು ಹೇಳಲಿಲ್ಲ.

ಪೀಠಿಕೆಗೆ ದೋಣಿಮನೆಯ ನಕ್ಷೆ ಬರೆದೆ. 36 ಅಡಿ ಉದ್ದದೊಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಸೋಲಾರ್ ಹಲಗೆಯಿಂದ ತುಂಬುವ ಬ್ಯಾಟರಿ. “ಟೀಚರ್, ಪಾಯಿಖಾನೆ?” ಎಂಬ ಪ್ರಶ್ನೆ ಬಂದೇ ಬಂತು. ಅದಕ್ಕೂ ಒಂದು ಟ್ಯಾಂಕು ಇದೆ, ನೀರಿಗೆ ಬಿಡುವಂತಿಲ್ಲ, ದೋಣಿ ನಿಲ್ಲಿಸುವ ಕಟ್ಟೆಯಲ್ಲಿ ಪಂಪಿನಿಂದ ಖಾಲಿ ಮಾಡಿಸಬೇಕು ಎಂದಾಗ ನಗು ಎದ್ದಿತು. ಈ ಪ್ರಶ್ನೆಗೆ ಸಿದ್ಧರಾಗಿ ಹೋಗುವುದು ಒಳ್ಳೆಯದು.

ಮೊದಲ ಲೆಕ್ಕ ಏಕಮಾನದ್ದು. ದೋಣಿಯ ಜವ 6 ನಾಟ್, ಇಂದಿನ ದಾರಿ 50 ಮೈಲಿ, ಎಷ್ಟು ಹೊತ್ತು ಬೇಕು? ಆರು ಗುಂಪುಗಳಲ್ಲಿ ಐದು 50ನ್ನು 6ರಿಂದ ಭಾಗಿಸಿ 8 ಗಂಟೆ 20 ನಿಮಿಷ ಎಂದವು. ಈ ಜಲಮಾರ್ಗದ ಮೈಲಿ ರಸ್ತೆಯ ಮೈಲಿ, 1.609 ಕಿ.ಮೀ. ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, 1.852 ಕಿ.ಮೀ. ಎರಡನ್ನೂ ಕಿ.ಮೀ.ಗೆ ತಂದರೆ 7 ಗಂಟೆ 14 ನಿಮಿಷ. ಹತ್ತು ಗಂಟೆಯ ಹಗಲಿನಲ್ಲಿ ಒಂದು ಗಂಟೆಯ ವ್ಯತ್ಯಾಸ ಸಣ್ಣದಲ್ಲ. ‘ಏಕಮಾನ ಬರೆಯಿರಿ’ ಎಂದು ಎಷ್ಟೋ ಸಲ ಹೇಳಿದ್ದಕ್ಕಿಂತ ಈ ಒಂದು ಲೆಕ್ಕ ಹೆಚ್ಚು ಕೆಲಸ ಮಾಡಿತು.

ಎಡವಿದ್ದು ಎರಡನೆಯದರಲ್ಲಿ. ಜಾರ್ಜಿಯಾ ರಾಜ್ಯದಲ್ಲಿ ಉಬ್ಬರ ಇಳಿತದ ಅಂತರ ಏಳೆಂಟು ಅಡಿ, ಹಾಗಾಗಿ ಸೆಳೆತವೂ ಜೋರು. ದಾರಿ ಒಂದು ಹೊಳೆಯಲ್ಲಿ ಸಮುದ್ರದ ಬಾಯಿಯ ಕಡೆಗೆ ಇಳಿದು, ಆ ಬಾಯಿಯನ್ನು ದಾಟಿ, ಇನ್ನೊಂದು ಹೊಳೆಯಲ್ಲಿ ಒಳಕ್ಕೆ ಏರುತ್ತದೆ. ಇಳಿತದ ನೀರು ಮೊದಲ ಭಾಗದಲ್ಲಿ ದೋಣಿಯನ್ನು ದೂಡುತ್ತದೆ, ಎರಡನೆಯದರಲ್ಲಿ ತಡೆಯುತ್ತದೆ. ಪ್ರತಿ ಭಾಗ 12 ನಾಟಿಕಲ್ ಮೈಲಿ, ಸೆಳೆತ 2 ನಾಟ್ ಎಂದು ಕೊಟ್ಟೆ. ‘ಕೂಡಿದ್ದು ಕಳೆದದ್ದು ಸರಿಹೋಯಿತು, ಸರಾಸರಿ 6’ ಎಂದು ಮಕ್ಕಳು ಹೇಳಲಿ ಎಂದೇ ಕಾದಿದ್ದೆ, ಹೇಳಿದರು. ಹಲಗೆಯ ಮೇಲೆ ಬಿಡಿಸಿದೆವು: 12ನ್ನು 8ರಿಂದ ಭಾಗಿಸಿದರೆ ಒಂದೂವರೆ ಗಂಟೆ, 4ರಿಂದ ಭಾಗಿಸಿದರೆ ಮೂರು ಗಂಟೆ. 24 ನಾಟಿಕಲ್ ಮೈಲಿಗೆ ನಾಲ್ಕೂವರೆ ಗಂಟೆ, ಸರಾಸರಿ ಜವ 5.33 ನಾಟ್. ನಿಧಾನದ ಭಾಗದಲ್ಲಿ ದೋಣಿ ಹೆಚ್ಚು ಹೊತ್ತು ಕಳೆಯುವುದರಿಂದ ಕಳೆದುಕೊಂಡದ್ದು ತುಂಬಿಬರುವುದಿಲ್ಲ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಮೂರು ಗಂಟೆ ಎಂದ. ತಪ್ಪು, ಇನ್ನೊಮ್ಮೆ ಮಾಡು ಎಂದೆ. “ಅಲ್ಲ ಟೀಚರ್, ನೀರು ಪೂರಾ ಇಳಿದು ನಿಂತ ಹೊತ್ತಿಗೆ ಅಳಿವೆ ಬಾಯಿಗೆ ಬಂದ್ರೆ...” ಎಂದು ಶುರು ಮಾಡಿದ. ಗಂಟೆ ಹೊಡೆಯಲು ಆರು ನಿಮಿಷವಿತ್ತು, ಮಾರ್ಗದರ್ಶಕರು ಕೊನೆಯ ಬೆಂಚಿನಲ್ಲಿ ಅವಲೋಕನ ಪುಸ್ತಕ ತೆರೆದು ಕುಳಿತಿದ್ದರು, ಮೌಲ್ಯಮಾಪನದ ಪ್ರಶ್ನೆಗಳು ಬಾಕಿ ಇದ್ದವು. ಕೂತ್ಕೋ, ಪ್ರಶ್ನೆಯಲ್ಲಿ ಅದಿಲ್ಲ ಎಂದೆ. ಅವನು ಕೂತ. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು.

ರಾತ್ರಿ ಪಾಠಯೋಜನೆಯ ಹಿಂದಿನ ಪುಟದಲ್ಲಿ ಬರೆದು ನೋಡಿದೆ. ಇಳಿಯುವ ನೀರಿನೊಂದಿಗೆ ಬಾಯಿಗೆ ಬಂದು, ನೀರು ತಿರುಗುವ ಹೊತ್ತಿಗೆ ಅದನ್ನು ದಾಟಿದರೆ ಉಬ್ಬರದ ನೀರು ಎರಡನೇ ಹೊಳೆಯಲ್ಲೂ ದೂಡುತ್ತದೆ. ಒಂದೂವರೆ ಮತ್ತು ಒಂದೂವರೆ, ಮೂರು ಗಂಟೆ. (ನೀರು ತಿರುಗುವ ಆಸುಪಾಸಿನಲ್ಲಿ ಸೆಳೆತ ಕುಗ್ಗುತ್ತದೆ, ನಿಜವಾಗಿ ಇನ್ನಷ್ಟು ಹೊತ್ತು ಬೇಕು. ಆದರೆ 2 ನಾಟ್ ಬದಲಾಗದು ಎಂದು ಕೊಟ್ಟವಳು ನಾನೇ.) ಆ ಜಲಮಾರ್ಗದಲ್ಲಿ ಓಡಾಡುವವರು ಮಾಡುವುದೂ ಇದನ್ನೇ. ಹುಡುಗನ ಮನೆಯವರು ಮೀನಿಗೆ ಹೋಗುವವರೆಂದು ತರಗತಿ ಶಿಕ್ಷಕರಿಂದ ಆಮೇಲೆ ತಿಳಿಯಿತು. ಯೋಜನೆಯ ‘ಪೂರ್ವಜ್ಞಾನ’ದ ಕಲಮಿನಲ್ಲಿ ನಾನು ಬರೆದಿದ್ದು ‘ವಿದ್ಯಾರ್ಥಿಗಳಿಗೆ ದೂರ ಮತ್ತು ಕಾಲದ ಪರಿಚಯವಿದೆ’ ಎಂದಷ್ಟೇ.

ಮರುದಿನ ಮೊದಲ ಕೆಲಸವಾಗಿ, ನಿನ್ನೆ ತಪ್ಪಿದ್ದು ನಾನು ಎಂದು ತರಗತಿಗೆ ಹೇಳಿ, ಸೀಮೆಸುಣ್ಣ ಅವನ ಕೈಗೆ ಕೊಟ್ಟೆ. ಅವನು ಅಂಕಿ ಬರೆಯಲಿಲ್ಲ. ಎರಡು ಹೊಳೆ, ಒಂದು ಬಾಯಿ, ನೀರಿನ ಬಾಣಗಳು, ಅಷ್ಟೇ. ನನ್ನ ಚಾರ್ಟಿಗಿಂತ ಸ್ಪಷ್ಟವಾಗಿತ್ತು.

ಆಕರ ಬಿಂದುವಿನ ಲೆಕ್ಕವನ್ನು ಅದೇ ಚಿತ್ರದ ಮೇಲೆ ಮುಂದುವರಿಸಿದೆ. ಈ ದಾರಿಯ ಎತ್ತರದ ಸ್ಥಿರ ಸೇತುವೆಗಳು ಸಾಮಾನ್ಯವಾಗಿ ನೀರಿನಿಂದ 65 ಅಡಿ. ಯಾವ ನೀರಿನಿಂದ? ನಕ್ಷೆಯಲ್ಲಿ ಸೇತುವೆಯ ಎತ್ತರವನ್ನು ಸರಾಸರಿ ಉಬ್ಬರದ ಮಟ್ಟದಿಂದ ಅಳೆಯುತ್ತಾರೆ, ಆಳವನ್ನು ಇಳಿತದ ಮಟ್ಟದಿಂದ. ಒಂದೇ ನಕ್ಷೆಗೆ ಎರಡು ಆಕರ ಬಿಂದು. ಯಾಕೆ ಎಂದು ಕೇಳಿ ಸುಮ್ಮನೆ ನಿಂತೆ. “ಎರಡೂ ಕಡೆ ಕಷ್ಟದ ಹೊತ್ತನ್ನೇ ಹಿಡಿದಿದ್ದಾರೆ” ಎಂದಳು ಒಬ್ಬಳು.

ಲೆಕ್ಕಕ್ಕೆಂದು ನಾನು ಕೊಟ್ಟ ಅಂಕಿಗಳು: ಹಾಯಿಕಂಬದ ತುದಿ ನೀರಿನಿಂದ 64 ಅಡಿ, ದೋಣಿಯ ತಳ ನೀರಿನೊಳಗೆ 5 ಅಡಿ, ಸೇತುವೆಯಡಿ ಹೂಳು ತುಂಬಿ ನಕ್ಷೆಯ ಆಳ 4 ಅಡಿ, ಉಬ್ಬರ ಇಳಿತದ ಅಂತರ 7 ಅಡಿ. ಪೂರ್ಣ ಉಬ್ಬರದಲ್ಲಿ ಮೇಲೆ ಒಂದೇ ಅಡಿ ಜಾಗ, ಅಲೆ ಬಂದರೆ ತಾಗೀತು. ಪೂರ್ಣ ಇಳಿತದಲ್ಲಿ ಮೇಲೆ 8 ಅಡಿ ಜಾಗವಿದ್ದರೂ ತಳ ಕೆಸರಿಗೆ ಕೂರುತ್ತದೆ. ಅರ್ಧ ನೀರಿನಲ್ಲಿ ಮೇಲೆ 4.5 ಅಡಿ, ಕೆಳಗೆ 2.5 ಅಡಿ. ಎಲ್ಲ ಗುಂಪುಗಳೂ ಅರ್ಧ ನೀರನ್ನೇ ಆರಿಸಿದವು.

ಯೋಜನೆಯಲ್ಲಿ ಇದ್ದದ್ದು ಇಷ್ಟೇ. ಅರ್ಧ ನೀರು ದಿನಕ್ಕೆ ಎಷ್ಟು ಸಲ ಬರುತ್ತದೆ, ಯಾವ ಸಲ ಹೋಗುವುದು ಎಂದು ಆಮೇಲೆ ಕೇಳಿದ್ದು ಮಕ್ಕಳೇ. ಅದರ ಮೇಲೆ ವಾದ ನಡೆದು, ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ. ಅವಲೋಕನ ಪುಸ್ತಕದಲ್ಲಿ ‘ಸಮಯಪಾಲನೆ’ಯ ಎದುರು ಕಡಿಮೆ ಅಂಕ ಬಿದ್ದಿದೆ. ಗಂಟೆ ಹೊಡೆದ ಮೇಲೆ ನನ್ನ ಮೇಜಿನ ಬಳಿ ಬಂದು ಅವನು ಹೇಳಿದ: “ನೀರು ಏರುವಾಗಲೇ ಹೋಗ್ಬೇಕು ಟೀಚರ್. ಏರುವಾಗ ಕೂತ್ರೆ ನೀರೇ ಎತ್ತುತ್ತೆ. ಇಳಿಯುವಾಗ ಕೂತ್ರೆ ರಾತ್ರಿ ಅಲ್ಲೇ.”